ಚಳಿಗಾಲಕ್ಕೆ ಮುನ್ನ: ಹೊಗೆಯಿಲ್ಲದ ಕೆಂಡ

ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ಭಾನುವಾರ ಮತ್ತೆ ಬಂತು. ಅಮೆರಿಕ, ಕೆನಡಾಗಳ ಬಹುತೇಕ ಕಡೆ ನವೆಂಬರಿನ ಮೊದಲ ಭಾನುವಾರವೆಂದರೆ ಒಂದು ಗಂಟೆ ಹೆಚ್ಚಿನ ನಿದ್ದೆ. ನಮ್ಮ ಮಿಷಿಗನ್ನಿನಲ್ಲಾದರೆ ಅದರ ಜೊತೆಗೆ ಸಂಜೆ ಐದೂವರೆಗೇ ಕತ್ತಲೆ, ಮೆಟ್ಟಿಲ ಮೇಲೆ ಮೆತ್ತಗಾಗುತ್ತಿರುವ ಹ್ಯಾಲೋವೀನ್ ಕುಂಬಳಕಾಯಿ, ಇನ್ನು ಏಪ್ರಿಲ್‌ವರೆಗೆ ತೆರೆಯದ ಕಿಟಕಿಗಳು.

ಪ್ರತಿ ವರ್ಷ ಈ ಹೊತ್ತಿಗೆ ಚಳಿಗಾಲದ ತಯಾರಿಯ ಬಗ್ಗೆ ನಿಮಗೆ ಬರೆಯುತ್ತೇನೆ. ಫಿಲ್ಟರ್ ಬದಲಿಸಿ, ಪೈಪು ಬಿಚ್ಚಿ, ಉಪ್ಪು ತಂದಿಡಿ ಎಂದು. ಓದಿದವರಲ್ಲಿ ಅರ್ಧ ಜನ "ನಮ್ಮನೇಲಿ ಇದೆಲ್ಲ ಗಂಡಸರ ಡಿಪಾರ್ಟ್‌ಮೆಂಟು" ಎಂದು ಮುಂದಿನ ಪುಟಕ್ಕೆ ಹೋಗುತ್ತೀರಿ ಅಂತಲೂ ನನಗೆ ಗೊತ್ತು. ಈ ಸಲ ಹಾಗೆ ಹೋಗಬೇಡಿ. ನಾಲ್ಕು ವರ್ಷ ಹಿಂದೆ ನಮ್ಮ ಮನೆಯಲ್ಲಿ ನಡೆದದ್ದನ್ನು ಇಷ್ಟು ದಿನ ಬರೆದಿರಲಿಲ್ಲ. ಅಮ್ಮನಿಗೆ ಬೇಜಾರಾದೀತು ಅಂತ. ಹೋದ ವಾರ ಫೋನಿನಲ್ಲಿ ಅವಳೇ "ಬರಿಯೇ, ಇನ್ನೊಬ್ಬರ ಮನೇಲಿ ಹಂಗಾಗದೇ ಇರ್ಲಿ" ಎಂದಳು.

ಜನವರಿ ತಿಂಗಳು. ನಮ್ಮ ಚಿಕ್ಕವಳು ಹುಟ್ಟಿ ಇಪ್ಪತ್ತು ದಿನ. ಬಾಣಂತನಕ್ಕೆ ಅಮ್ಮ ತಿಪಟೂರಿನಿಂದ ಬಂದಿದ್ದಳು. ಸೂಟ್‌ಕೇಸಿನಲ್ಲಿ ಬಜೆ, ಓಮ, ಸಾಂಬ್ರಾಣಿ, ಕೊಬ್ಬರಿ, ಹರಳೆಣ್ಣೆ, ಮಗುವಿನ ಹಳೇ ಪಂಚೆಬಟ್ಟೆ ಎಲ್ಲ ಬಂದಿತ್ತು. ಬರದೇ ಇದ್ದದ್ದು ಒಂದೇ, ಕರಟದ ಕೆಂಡ. ತೆಂಗಿನ ಸೀಮೆಯವಳಿಗೆ ಅದೊಂದು ಕೊರಗು. ಎಣ್ಣೆನೀರು ಹಾಕಿದ ಮೇಲೆ ಬಾಣಂತಿಗೂ ಮಗುವಿಗೂ ಸಾಂಬ್ರಾಣಿ ಹೊಗೆ ಹಿಡಿಯಬೇಕು, ಕೋಣೆಯಲ್ಲಿ ಅಗ್ಗಿಷ್ಟಿಕೆಯ ಶಾಖ ಇರಬೇಕು. ಗ್ಯಾರೇಜಿನಲ್ಲಿ ಏನೋ ಹುಡುಕಲು ಹೋದವಳ ಕಣ್ಣಿಗೆ ಬೇಸಿಗೆಯಲ್ಲಿ ಬಾರ್ಬೆಕ್ಯೂಗೆ ತಂದು ಅರ್ಧ ಉಳಿದಿದ್ದ ಇದ್ದಲಿನ ಚೀಲ ಬಿತ್ತು.

ಆ ದಿನ ಹೊರಗೆ ಮೈನಸ್ ಹತ್ತೊಂಬತ್ತು ಡಿಗ್ರಿ. ನಮ್ಮನೆಯವರು ಆಫೀಸಿಗೆ ಹೋಗಿದ್ದರು, ಏಳು ವರ್ಷದ ದೊಡ್ಡವಳು ಸ್ಕೂಲಿಗೆ. ಅಮ್ಮ ಗ್ಯಾಸ್ ಒಲೆಯ ಮೇಲೆ ಇದ್ದಲು ಹೊತ್ತಿಸಿ, ಹಳೇ ಬಾಣಲೆಗೆ ಹಾಕಿ, ನಮಗಿಬ್ಬರಿಗೂ ಸಾಂಬ್ರಾಣಿ ಹಿಡಿದಳು. ಹೊಗೆಯೆಲ್ಲ ಅಡಗಿದ ಮೇಲೆ ಬಾಣಲೆಯನ್ನು ಕೋಣೆಯ ಮೂಲೆಯಲ್ಲಿಟ್ಟಳು. ಬಾಗಿಲು ಮುಚ್ಚಿ, ಥಂಡಿ ಗಾಳಿ ಬಾರದ ಹಾಗೆ ಅದರ ಕೆಳಸಂದಿಗೆ ಟವೆಲ್ ತುರುಕಿದಳು. ನನಗೆ ನಿದ್ದೆಯ ಮಂಪರು. "ಅಮ್ಮಾ, ಅದನ್ನ ಆಚೆ ಇಡು" ಎಂದೆ. "ಹೊಗೆ ಹೋಯ್ತಲ್ಲೇ, ಇನ್ನೇನು? ನಿನ್ನೂ ಹಿಂಗೇ ಸಾಕಿದ್ದು" ಎಂದಳು. ನಿಜವೇ ಅಲ್ಲವೇ ಅನ್ನಿಸಿ ಮಲಗಿದೆ.

ಸ್ವಲ್ಪ ಹೊತ್ತಿಗೆ ಹಜಾರದಲ್ಲಿದ್ದ ಅಲಾರಂ ಕೂಗತೊಡಗಿತು. ಒಗ್ಗರಣೆ ಹಾಕಿದಾಗಲೆಲ್ಲ ಕೂಗುವ ಅಲಾರಂ ಅಮ್ಮನಿಗೆ ಬಂದ ವಾರದಲ್ಲೇ ಪರಿಚಯವಾಗಿತ್ತು. ನಾವೇ ಅವಳೆದುರು ಟವೆಲ್ ಬೀಸಿ, ಬೈದುಕೊಂಡು, ಒಂದೆರಡು ಸಲ ಬ್ಯಾಟರಿ ಕಿತ್ತು ತೋರಿಸಿದ್ದೆವು. ಮಗು ಎದ್ದೀತೆಂದು ಅವಳೂ ಕುರ್ಚಿ ಹತ್ತಿ, ಡಬ್ಬಿಯನ್ನು ತಿರುವಿ ತೆಗೆದು, ಬ್ಯಾಟರಿ ಕಿತ್ತು ಮೇಜಿನ ಮೇಲಿಟ್ಟಳು. ತಲೆ ನೋಯುತ್ತಿದೆ ಎಂದು ಒಂದು ಲೋಟ ಕಾಫಿ ಮಾಡಿಕೊಂಡಳು. ಇದೆಲ್ಲ ಆಮೇಲೆ ಗೊತ್ತಾದದ್ದು.

ಅಂದು ಅರ್ಧ ದಿನ ಸ್ಕೂಲು. ಮಧ್ಯಾಹ್ನ ಬಸ್ಸಿಳಿದು ಬಂದ ದೊಡ್ಡವಳು ಮೇಜಿನ ಮೇಲಿನ ಡಬ್ಬಿ ನೋಡಿ, ಎಷ್ಟು ಸಲ ಕೂಗಿತು ಎಂದು ಅಜ್ಜಿಯನ್ನು ಕೇಳಿದಳಂತೆ. ಅಕ್ಟೋಬರಿನಲ್ಲಿ ಇಲ್ಲಿನ ಶಾಲೆಗಳಿಗೆ ಫೈರ್ ಎಂಜಿನ್ ಬರುತ್ತದಲ್ಲ, ಆಗ ಹೇಳಿಕೊಟ್ಟದ್ದು ಅವಳಿಗೆ ನೆನಪಿತ್ತು. ಅಜ್ಜಿಗೆ ಹೇಳಬೇಕೆಂದರೆ ಮಾತು ಮಾತ್ರ ಅವಳ ಬಳಿ ಇರಲಿಲ್ಲ. ಕಾರ್ಬನ್ ಮಾನಾಕ್ಸೈಡ್‌ಗೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಮಗುವಿಗೆ ಯಾರು ಹೇಳಿಕೊಟ್ಟಿದ್ದೆವು? ಇದ್ದ ಕನ್ನಡದಲ್ಲೇ, "ಅಜ್ಜೀ, ಮನೇಲಿ ಕೆಟ್ಟ ಗಾಳಿ ಇದೆ" ಎಂದಳು. ಬಾಣಂತಿ ಮನೆಯಲ್ಲಿ ಆ ಮಾತಿಗೆ ಬೇರೆಯೇ ಅರ್ಥ. ಅಮ್ಮ ಗಾಬರಿಯಾಗಿ, ಮಗುವಿಗೆ ದೃಷ್ಟಿ ತೆಗೆಯಲು ಉಪ್ಪು, ಒಣಮೆಣಸಿನಕಾಯಿ ಹುಡುಕಿಕೊಂಡು ಅಡುಗೆಮನೆಗೆ ಹೋದಳು. ಈಗ ಹೇಳಿಕೊಂಡು ನಗುತ್ತೇವೆ. ಆ ಹೊತ್ತಿಗೆ ದೊಡ್ಡವಳು ನನ್ನ ಕೋಣೆಗೆ ಬಂದು ಭುಜ ಹಿಡಿದು ಅಲುಗಾಡಿಸದಿದ್ದರೆ ನಗಲು ಯಾರಿರುತ್ತಿದ್ದರೋ.

ಏಳಲು ಹೋದರೆ ಕಾಲು ನನ್ನದಲ್ಲ ಅನ್ನಿಸಿತು. ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಅಮ್ಮನ ಕೈ ಹಿಡಿದೆಳೆದುಕೊಂಡು, ಪಕ್ಕದ ಮನೆಯ ಬಾಗಿಲು ಬಡಿದೆವು. ಅವರೇ 911ಕ್ಕೆ ಕರೆ ಮಾಡಿದರು. ಬಾಗಿಲುಗಳನ್ನೆಲ್ಲ ತೆರೆದು ಕಾಲು ಗಂಟೆಯಾದ ಮೇಲೂ ಆ ಕೋಣೆಯಲ್ಲಿ ಅಗ್ನಿಶಾಮಕದವರ ಮೀಟರ್ 100 ದಾಟಿ ತೋರಿಸುತ್ತಿತ್ತು. ಆಸ್ಪತ್ರೆಯಲ್ಲಿ ನಮಗೆಲ್ಲ ರಕ್ತಪರೀಕ್ಷೆ, ಕೆಲವು ಗಂಟೆ ಆಮ್ಲಜನಕ. ಯಾರಿಗೂ ಏನೂ ಆಗಲಿಲ್ಲ. ಅಮ್ಮನನ್ನು ಯಾರೂ ಬೈಯಲಿಲ್ಲ. ಅಗ್ನಿಶಾಮಕದ ಹುಡುಗ ಡಬ್ಬಿಯ ಹಿಂಬದಿ ತಿರುಗಿಸಿ ನಮ್ಮನೆಯವರಿಗೆ ತೋರಿಸಿದ. ಅದರ ಆಯಸ್ಸು ಮುಗಿದು ಎರಡು ವರ್ಷವಾಗಿತ್ತು. ಆದರೂ ಕೂಗಿತ್ತು.

ತಿಪಟೂರಿನ ನಮ್ಮ ಹೆಂಚಿನ ಮನೆಯಲ್ಲಿ ಅದೇ ಕೆಂಡ ಮೂರು ತಲೆಮಾರಿನ ಬಾಣಂತಿಯರನ್ನು ಬೆಚ್ಚಗಿಟ್ಟಿತ್ತು. ಹೆಂಚಿನ ಸಂದಿ, ಬೆಳಕಿಂಡಿ, ಸದಾ ತೆರೆದ ಹಿತ್ತಿಲ ಬಾಗಿಲು, ಗೋಡೆಗೂ ಮಾಡಿಗೂ ನಡುವಿನ ಗೇಣಗಲದ ಕಿಂಡಿ, ಇವೆಲ್ಲ ತಮ್ಮ ಪಾಡಿಗೆ ಆ ಗಾಳಿಯನ್ನು ಹೊರಗೆ ಸಾಗಿಸುತ್ತಿದ್ದವು. ಅಲ್ಲಿಯೂ ಬಾಗಿಲು ಭದ್ರ ಮಾಡಿ ಕೆಂಡವಿಟ್ಟು ಮಲಗಿದರೆ ಅಪಾಯವೇ. ಮನೆಗೆ ಹಾಗೆ ಭದ್ರವಾಗುವ ಶಕ್ತಿ ಇರಲಿಲ್ಲ ಅಷ್ಟೆ. ಇಲ್ಲಿಯ ಮನೆ ಶಾಖ ಉಳಿಸಿಕೊಳ್ಳಲೆಂದೇ ಕಟ್ಟಿದ್ದು. ಜೋಡಿ ಗಾಜಿನ ಕಿಟಕಿ, ಗೋಡೆಯೊಳಗೆ ಪ್ಲಾಸ್ಟಿಕ್ ಹಾಳೆ, ಬಾಗಿಲಿನಂಚಿಗೆ ರಬ್ಬರು. ಮೇಲಾಗಿ ಫರ್ನೇಸಿನ ಬ್ಲೋಯರ್ ಒಂದು ಕೋಣೆಯ ಗಾಳಿಯನ್ನು ಎಳೆದು ಇಡೀ ಮನೆಗೆ ಹಂಚುತ್ತದೆ.

"ಹೊಗೆ ಹೋದರೆ ಅಪಾಯ ಹೋಯಿತು" ಎಂಬ ಅಮ್ಮನ ಲೆಕ್ಕ ತಪ್ಪಿದ್ದೂ ಅಲ್ಲೇ. ಗಾಳಿ ಸಾಲದೆ ಅರೆಬರೆ ಉರಿಯುವ ಇದ್ದಲು, ಪೆಟ್ರೋಲು, ಗ್ಯಾಸು ಯಾವುದಾದರೂ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲು. ಜ್ವರವಿಲ್ಲದ ಫ್ಲೂ ಅನ್ನಿಸುತ್ತದೆ, ಹಾಗಾಗಿ ಜನ ಮಾತ್ರೆ ನುಂಗಿ ಮಲಗಿಬಿಡುತ್ತಾರೆ. ಮನೆಯಲ್ಲಿರುವವರಿಗೆಲ್ಲ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದಾಗ ಕಮ್ಮಿಯಾದರೆ ಅದು ನೆಗಡಿಯಲ್ಲ. ಬೆಂಕಿ ಅವಘಡಗಳನ್ನು ಬಿಟ್ಟು, ಈ ಒಂದು ಗಾಳಿಯಿಂದಲೇ ಅಮೆರಿಕದಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಆಕಸ್ಮಿಕವಾಗಿ ಸಾಯುತ್ತಾರೆ.

ಹೊರಗಿನಿಂದ ಬಂದು ನೆಲೆಸಿದವರಲ್ಲಿ ಇದು ಹೊಸ ಕಥೆಯೂ ಅಲ್ಲ. 2006ರ ಡಿಸೆಂಬರಿನಲ್ಲಿ ಸಿಯಾಟಲ್ ಸುತ್ತಮುತ್ತ ದೊಡ್ಡ ಬಿರುಗಾಳಿ ಬೀಸಿ ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ ಕರೆಂಟು ಹೋಯಿತು. ಚಳಿ ತಡೆಯಲಾರದೆ ಜನ ಇದ್ದಲಿನ ಗ್ರಿಲ್‌ಗಳನ್ನು ಮನೆಯೊಳಗೆ ತಂದರು. ವಿಷಗಾಳಿಗೆ ಸಿಕ್ಕವರಲ್ಲಿ ಹೆಚ್ಚಿನವರು ವಲಸೆ ಬಂದ ಕುಟುಂಬದವರು. ಇಂಗ್ಲಿಷಿನ ಎಚ್ಚರಿಕೆ ಅವರನ್ನು ಮುಟ್ಟುತ್ತಿಲ್ಲ ಎಂದು ತಿಳಿದ ಮೇಲೆ ಸಿಯಾಟಲ್ ಟೈಮ್ಸ್ ಪತ್ರಿಕೆ ಮುಖಪುಟದಲ್ಲೇ ಹಲವು ಭಾಷೆಗಳಲ್ಲಿ ಆ ಎಚ್ಚರಿಕೆಯನ್ನು ಅಚ್ಚು ಹಾಕಿತು. 2021ರ ಫೆಬ್ರವರಿಯಲ್ಲಿ ಟೆಕ್ಸಸ್ ಹೆಪ್ಪುಗಟ್ಟಿದಾಗಲೂ ಹೀಗೆಯೇ. ಗ್ರಿಲ್ ಒಳಗೆ ತಂದವರು, ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಬೆಚ್ಚಗೆ ಕೂತವರು ಆಸ್ಪತ್ರೆ ಸೇರಿದರು, ಕೆಲವರು ಬದುಕಲಿಲ್ಲ. ಆ ಮುಖಪುಟದ ಸುದ್ದಿಯನ್ನು ನಾನು ಓದಿದ್ದು ನಮ್ಮ ಮನೆಯ ಘಟನೆಯಾದ ಮೇಲೆ. ನಮ್ಮ ಡಬ್ಬಿಯೂ ಇಂಗ್ಲಿಷಿನಲ್ಲೇ ಕೂಗಿತ್ತು ಅನ್ನಿಸಿತು.

ಆದ್ದರಿಂದ ಈ ವಾರಾಂತ್ಯ ಮೊದಲು ಅಲಾರಂಗಳಿಂದ ಶುರು ಮಾಡಿ. ಕುರ್ಚಿ ಹಾಕಿ ಇಳಿಸಿ, ಹಿಂದೆ ಬರೆದಿರುವ ತಾರೀಖು ಓದಿ. ಸ್ಮೋಕ್ ಅಲಾರಂ ತಯಾರಾಗಿ ಹತ್ತು ವರ್ಷವಾಗಿದ್ದರೆ, ಕೂಗುತ್ತಿದ್ದರೂ ಕಸಕ್ಕೆ ಹಾಕಿ ಹೊಸದು ತನ್ನಿ. ಕಾರ್ಬನ್ ಮಾನಾಕ್ಸೈಡ್ ಅಲಾರಂಗೆ ತಯಾರಕರು ಐದರಿಂದ ಹತ್ತು ವರ್ಷದೊಳಗಿನ ಯಾವುದೋ ಒಂದು ಗಡುವು ಬರೆದಿರುತ್ತಾರೆ. ಹೊಗೆಯದು ಪ್ರತಿ ಮಲಗುವ ಕೋಣೆಯಲ್ಲೂ ಕೋಣೆಗಳ ಹೊರಗಿನ ಹಜಾರದಲ್ಲೂ ಇರಬೇಕು, ಬೇಸ್‌ಮೆಂಟೂ ಸೇರಿ ಪ್ರತಿ ಅಂತಸ್ತಿನಲ್ಲೂ ಇರಬೇಕು. ಕಾರ್ಬನ್ ಮಾನಾಕ್ಸೈಡಿನದು ಮಲಗುವ ಕೋಣೆಗಳ ಹೊರಗೆ, ಪ್ರತಿ ಅಂತಸ್ತಿಗೊಂದು. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ. ಅವರು ತಡ ಮಾಡಿದರೆ ಒಂದು ಹೊತ್ತಿನ ಹೋಟೆಲ್ ಊಟದ ಖರ್ಚಿನಲ್ಲಿ ನೀವೇ ತಂದುಬಿಡಿ, ಜಗಳ ಆಮೇಲೆ ಮಾಡಿಕೊಳ್ಳಬಹುದು.

ಒಗ್ಗರಣೆ ವಿಷಯಕ್ಕೆ ಬರೋಣ. ಸಾಸಿವೆ, ಒಣಮೆಣಸಿನಕಾಯಿ ಸಿಡಿದ ಕೂಡಲೆ ಅರಚುವ ಅಲಾರಂ ಇಲ್ಲದ ಕನ್ನಡದ ಮನೆ ಇಲ್ಲಿಲ್ಲ. ಅದಕ್ಕೆ ಶವರ್ ಕ್ಯಾಪ್ ತೊಡಿಸಿದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಬೇಡ. ಒಲೆಯಿಂದ ಕನಿಷ್ಠ ಹತ್ತು ಅಡಿ ದೂರಕ್ಕೆ ಅದನ್ನು ಸರಿಸಿ. ಎಣ್ಣೆ ಕಾಯಿಸುವ ಮೊದಲೇ ಎಕ್ಸಾಸ್ಟ್ ಫ್ಯಾನ್ ಹಾಕಿ. ನಿಮ್ಮ ಒಲೆಯ ಮೇಲಿನ ಫ್ಯಾನು ಗಾಳಿಯನ್ನು ಹೊರಗೆ ಬಿಡುತ್ತದೆಯೋ, ಜಾಲರಿಯಲ್ಲಿ ಸೋಸಿ ನಿಮ್ಮ ಮುಖಕ್ಕೇ ವಾಪಸ್ಸು ಬಿಡುತ್ತದೆಯೋ ಒಮ್ಮೆ ನೋಡಿಕೊಳ್ಳಿ. ಎರಡನೆಯದಾದರೆ ಒಗ್ಗರಣೆ ಹೊತ್ತಿಗೆ ಕಿಟಕಿಯನ್ನು ನಾಲ್ಕು ಬೆರಳು ತೆರೆಯಿರಿ. ತಪ್ಪಾಗಿ ಕೂಗಿದಾಗ ಸುಮ್ಮನಾಗಿಸಲು ಅಲಾರಂನಲ್ಲೇ ಒಂದು ಗುಂಡಿ ಇರುತ್ತದೆ, ಮನೆಯ ಹಿರಿಯರಿಗೆ ಅದನ್ನು ತೋರಿಸಿ. ನಾವು ಬ್ಯಾಟರಿ ಕಿತ್ತದ್ದನ್ನು ಅಮ್ಮ ನೋಡಿ ಕಲಿತಳು ಎಂದೆನಲ್ಲ, ನಮ್ಮ ಮನೆಯ ನಿಜವಾದ ತಪ್ಪು ಅದೇ.

ಇನ್ನು ಫರ್ನೇಸು. ಚಳಿ ಜೋರಾಗುವ ಮೊದಲು ವರ್ಷಕ್ಕೊಮ್ಮೆ ಲೈಸೆನ್ಸ್ ಇರುವ ತಂತ್ರಜ್ಞರನ್ನು ಕರೆಸಿ. ಬಂದವರಿಗೆ "ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಬಿರುಕಿದೆಯಾ ನೋಡಿ" ಎಂದು ಬಾಯಿಬಿಟ್ಟು ಹೇಳಿ. ಅದು ಬಿರಿದರೆ ಉರಿಯ ಗಾಳಿ ಮನೆಯ ಗಾಳಿಯೊಂದಿಗೆ ಬೆರೆಯಬಹುದು. ಫಿಲ್ಟರ್ ಬದಲಿಸುವುದು ನಿಮ್ಮ ಕೆಲಸವೇ, ಐದು ನಿಮಿಷ ಸಾಕು. ಅದರ ಅಂಚಿನ ಮೇಲೆ ಅಳತೆ ಮತ್ತು ಗಾಳಿ ಸಾಗುವ ದಿಕ್ಕಿನ ಬಾಣದ ಗುರುತು ಇರುತ್ತವೆ. ಬಾಣ ಫರ್ನೇಸಿನ ಕಡೆಗೆ. ತೆಳ್ಳನೆಯ ಫಿಲ್ಟರಾದರೆ ತಿಂಗಳಿಗೊಮ್ಮೆ ನೋಡಿ, ಮೂರು ತಿಂಗಳಿಗಿಂತ ಹೆಚ್ಚು ಉಳಿಸಿಕೊಳ್ಳಬೇಡಿ. ಫರ್ನೇಸು, ವಾಟರ್ ಹೀಟರ್‌ಗಳ ಸುತ್ತ ಮೂರಡಿ ಖಾಲಿ ಇರಲಿ. ಅಕ್ಕಿ ಮೂಟೆ, ಗೊಂಬೆ ಹಬ್ಬದ ಪೆಟ್ಟಿಗೆ, ಪೇಂಟು ಡಬ್ಬ ಎಲ್ಲ ಅಲ್ಲೇ ಪೇರಿಸುವ ಅಭ್ಯಾಸ ನಮಗಿದೆ.

ಹೊರಗಡೆ ಗೋಡೆಯಿಂದ ಬಿಳಿ ಪ್ಲಾಸ್ಟಿಕ್ ಕೊಳವೆ ಒಂದೋ ಎರಡೋ ಚಾಚಿಕೊಂಡಿದ್ದರೆ ಅದು ನಿಮ್ಮ ಫರ್ನೇಸಿನ ಮೂಗು. ಈಗಲೇ ಹೋಗಿ ನೋಡಿ, ಎಲೆ, ಗೂಡು ಇದ್ದರೆ ತೆಗೆಯಿರಿ. ದೊಡ್ಡ ಹಿಮ ಬಿದ್ದ ಮೇಲೆ ಡ್ರೈವ್‌ವೇ ಬಳಿಯುವ ಮೊದಲು ಆ ಕೊಳವೆಯ ಸುತ್ತಲಿನದನ್ನು ಬಳಿಯಿರಿ. ಗಾಳಿಗೆ ಬಂದು ರಾಶಿಯಾಗುವ ಹಿಮ ಅದನ್ನು ಪೂರಾ ಮುಚ್ಚಬಲ್ಲದು.

ಥರ್ಮೋಸ್ಟಾಟನ್ನು ಅಪ್ಪ ಅಮ್ಮನಿಗೂ ಕಲಿಸಿ. 2019ರ ಜನವರಿ ಕೊನೆಯ ಭಯಂಕರ ಚಳಿಯಲ್ಲಿ ಮಿಷಿಗನ್ನಿನ ಒಂದು ಗ್ಯಾಸ್ ಕಂಪ್ರೆಸರ್ ಸ್ಟೇಷನ್ನಿಗೆ ಬೆಂಕಿ ಬಿದ್ದು, ಗ್ಯಾಸು ಸಾಲದೇ ಹೋದೀತೆಂದು ರಾತ್ರಿ ಎಲ್ಲರ ಮೊಬೈಲುಗಳೂ ಒಟ್ಟಿಗೆ ಕಿರುಚಿದ್ದವು. ಮನೆಯ ಶಾಖವನ್ನು 65 ಡಿಗ್ರಿಗೆ, ಅಂದರೆ ನಮ್ಮ ಲೆಕ್ಕದ 18ಕ್ಕೆ, ಇಳಿಸಿ ಎಂದು ಸರ್ಕಾರದ ಸಂದೇಶ. ಅಂಥ ಹೊತ್ತಿನಲ್ಲಿ ಮನೆಯಲ್ಲಿ ಹಿರಿಯರಷ್ಟೇ ಇದ್ದರೆ ಯಾವ ಗುಂಡಿ ಒತ್ತಬೇಕೆಂದು ಅವರಿಗೆ ಗೊತ್ತಿರಬೇಡವೇ?

ಕಾರಿನ ಬಗ್ಗೆ ಎರಡೇ ಮಾತು, ಆದರೆ ಮಕ್ಕಳಿರುವವರು ಇದನ್ನು ಎರಡು ಸಲ ಓದಿ. ಗ್ಯಾರೇಜಿನೊಳಗೆ ಎಂಜಿನ್ ಬೆಚ್ಚಗಾಗಲು ಬಿಡಬೇಡಿ, ಬಾಗಿಲು ಪೂರ್ತಿ ತೆರೆದಿದ್ದರೂ ಬೇಡ. ಹಿಮದಲ್ಲಿ ಹೂತ ಕಾರನ್ನು ಬಿಡಿಸುವಾಗ, ಪಾಪ ಚಳಿ ಎಂದು ಮಕ್ಕಳನ್ನು ಒಳಗೆ ಕೂರಿಸಿ ಎಂಜಿನ್ ಹಾಕುತ್ತೇವೆ. ಹಿಂದಿನ ಹೊಗೆ ಕೊಳವೆ ಹಿಮದಲ್ಲಿ ಮುಚ್ಚಿದ್ದರೆ ಅದು ಬಿಡುವ ಗಾಳಿಯೆಲ್ಲ ಕಾರಿನೊಳಗೇ. ನಿಮಿಷಗಳಲ್ಲಿ ಮಕ್ಕಳ ಜೀವ ಹೋದದ್ದಿದೆ. ಮೊದಲು ಕೊಳವೆಯ ಹಿಂದಿನ ಹಿಮ ತೆಗೆಯಿರಿ, ಆಮೇಲೆ ಎಂಜಿನ್, ಮಕ್ಕಳು ಅಷ್ಟು ಹೊತ್ತು ಮನೆಯಲ್ಲೇ ಇರಲಿ. ಕರೆಂಟು ಹೋದಾಗ ಬಳಸುವ ಜನರೇಟರ್ ಕೂಡ ಮನೆಯಿಂದ ಕನಿಷ್ಠ 20 ಅಡಿ ದೂರ, ಬಾಗಿಲು ಕಿಟಕಿಗಳಿಗೆ ಬೆನ್ನು ಮಾಡಿ ಇರಬೇಕು.

ನೀರಿನ ಕೆಲಸ ಸುಲಭ, ಮರೆತರೆ ಮಾತ್ರ ದುಬಾರಿ. ತೋಟದ ರಬ್ಬರ್ ಪೈಪನ್ನು ಬಿಚ್ಚಿ ಒಳಗಿಡಿ. ಹೆಪ್ಪುಗಟ್ಟದ ನಲ್ಲಿ ಎಂದು ಮಾರುವಂಥದ್ದು ಕೂಡ ಪೈಪು ಸಿಕ್ಕಿಸಿಯೇ ಬಿಟ್ಟರೆ ಒಡೆಯುತ್ತದೆ. ಆ ನಲ್ಲಿಗೆ ಬೇಸ್‌ಮೆಂಟಿನಲ್ಲೊಂದು ವಾಲ್ವ್ ಇದ್ದರೆ ಮುಚ್ಚಿ, ಹೊರಗಿನದನ್ನು ತೆರೆದು ಉಳಿದ ನೀರು ಇಳಿಸಿ. ನೀರು ಮಂಜಾದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ತಾಮ್ರದ ಕೊಳವೆಯೂ ತಡೆಯುವುದಿಲ್ಲ. ವಿಪರೀತ ಚಳಿಯ ರಾತ್ರಿ ಹೊರಗೋಡೆಯ ಕಡೆಯ ಸಿಂಕಿನ ಕೆಳಬೀರು ತೆರೆದಿಟ್ಟು, ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ. ಡಿಸೆಂಬರಿನಲ್ಲಿ ಊರಿಗೆ ಹೊರಟವರು, ಖರ್ಚು ಉಳಿಸಲು ಹೀಟರನ್ನು ಪೂರ್ತಿ ಆರಿಸಿ ಹೋಗಬೇಡಿ. 55 ಡಿಗ್ರಿಗಿಂತ, ಅಂದರೆ ಸುಮಾರು 13 ಸೆಲ್ಸಿಯಸ್‌ಗಿಂತ, ಕೆಳಗೆ ಇಳಿಸದೆ ನೀರಿನ ಮುಖ್ಯ ವಾಲ್ವ್ ಮುಚ್ಚಿ ಹೊರಡಿ. ಆ ವಾಲ್ವ್ ಎಲ್ಲಿದೆ ಎಂದು ನಿಮ್ಮ ಹೆಂಡತಿಗೆ, ಗಂಡನಿಗೆ, ಅತ್ತೆಗೆ, ಹತ್ತು ವರ್ಷದ ಮಗನಿಗೆ ಗೊತ್ತೇ? ಅದಕ್ಕೊಂದು ಕೆಂಪು ದಾರ ಕಟ್ಟಿ. ನಮ್ಮ ಮನೆಯದಕ್ಕೆ ಅಮ್ಮ ಅರಿಶಿನ ಕುಂಕುಮವನ್ನೂ ಹಚ್ಚಿದ್ದಾಳೆ, ಈಗ ಯಾರೂ ಮರೆಯುವುದಿಲ್ಲ.

ಬೆಂಕಿಗೆ ಬಂದರೆ, ಇಲ್ಲಿ ಮನೆಗಳಿಗೆ ಬೆಂಕಿ ಬೀಳುವ ಮೊದಲ ಕಾರಣ ಅಡುಗೆಯೇ. ಚಕ್ಕುಲಿ, ಕೋಡುಬಳೆಗೆ ಎಣ್ಣೆಯಿಟ್ಟು ವಾಟ್ಸಾಪ್ ಕರೆ ಎತ್ತಬೇಡಿ. ಬಾಣಲೆ ಹೊತ್ತಿಕೊಂಡರೆ ನೀರು ಸುರಿಯಬಾರದು. ಉರಿ ಆರಿಸಿ, ತಟ್ಟೆಯನ್ನು ಪಕ್ಕದಿಂದ ಜಾರಿಸಿ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬೇಡಿ. ಬಾಣಲೆಯನ್ನು ಹೊರಗೆ ಎತ್ತಿಕೊಂಡು ಓಡುವುದಂತೂ ಬೇಡವೇ ಬೇಡ. ಕಾರ್ತಿಕ ದೀಪ ಹಚ್ಚುವವರು ಅಗಲವಾದ ಸ್ಟೀಲ್ ತಟ್ಟೆಯಲ್ಲಿಡಿ, ಪರದೆಯಿಂದ ದೂರ. ಮಲಗುವ ಮೊದಲು ದೀಪ ಶಾಂತ ಮಾಡುವುದರಲ್ಲಿ ದೋಷವಿಲ್ಲ, ನಮ್ಮ ಊರಿನ ಪುರೋಹಿತರನ್ನೇ ಕೇಳಿ ಬರೆಯುತ್ತಿದ್ದೇನೆ. ಬಟ್ಟೆ ಒಣಗಿಸುವ ಡ್ರೈಯರಿನ ಜಾಲರಿಯ ನಾರನ್ನು ಪ್ರತಿ ಸಲ ತೆಗೆಯಿರಿ, ಹೊರಗೋಡೆಯವರೆಗಿನ ಕೊಳವೆಯನ್ನು ವರ್ಷಕ್ಕೊಮ್ಮೆ ಸ್ವಚ್ಛ ಮಾಡಿಸಿ.

ಊರಿಂದ ಬಂದ ಹಿರಿಯರಿಗೆ ನಮಗಿಂತ ಹೆಚ್ಚು ಚಳಿ. ಅವರ ಕೋಣೆಗೆ ಒಂದು ಸಣ್ಣ ಹೀಟರ್ ತಂದಿಡುತ್ತೇವೆ. ಅದರ ತಂತಿ ನೇರ ಗೋಡೆಯ ಸಾಕೆಟ್ಟಿಗೆ ಹೋಗಬೇಕು, ಎಕ್ಸ್‌ಟೆನ್ಷನ್ ಕಾರ್ಡಿಗಲ್ಲ. ಹಾಸಿಗೆ, ಪರದೆ, ಸೀರೆ ಸೆರಗು ಮೂರಡಿ ಆಚೆ. ಒದ್ದೆ ಬಟ್ಟೆ ಅದರ ಮೇಲೆ ಹರವುವುದನ್ನು ಒಮ್ಮೆ ಅಪ್ಪನ ಕೋಣೆಯಲ್ಲಿ ನೋಡಿ ನನಗೆ ಎದೆ ಒಡೆದಿತ್ತು. ನಿದ್ದೆಗೆ ಮುಂಚೆ ಆರಿಸಿ, ಇನ್ನೊಂದು ರಜಾಯಿ ಕೊಡಿ. ಅದೇ ಅಪ್ಪ, ಮೊದಲ ಹಿಮ ನೋಡಲು ಪಂಚೆಯಲ್ಲೇ ಹೊರಗೆ ಹೋಗಿ, ಬಾಗಿಲು ತಾನೇ ಲಾಕ್ ಆಗಿ, ಅಂಚೆಯವನು ಬರುವವರೆಗೆ ನಿಂತಿದ್ದರು. ಆ ವಾರವೇ ಗುಂಡಿ ಒತ್ತಿ ತೆರೆಯುವ ಬೀಗ ಬಂತು. ಅದರ ನಂಬರು ಅಪ್ಪನಿಗೆ ನೆನಪಿರುವಂಥದ್ದೇ, ತಿಪಟೂರಿನ ಮನೆಯ ಹಳೇ ಲ್ಯಾಂಡ್‌ಲೈನಿನ ಕೊನೆಯ ನಾಲ್ಕು ಅಂಕಿ.

ಬ್ರಿಟನ್ನಿನ ಓದುಗರೇ, ನಿಮ್ಮಲ್ಲಿ ಫರ್ನೇಸಿನ ಜಾಗದಲ್ಲಿ ಬಾಯ್ಲರ್. ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿರುವವರನ್ನೇ ಕರೆಸಿ. ಬಾಡಿಗೆ ಮನೆಯಾದರೆ ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆ ಮಾಡಿಸುವುದು ಮಾಲೀಕರ ಕಾನೂನುಬದ್ಧ ಹೊಣೆ. ಮೆಲ್ಬರ್ನ್, ಸಿಡ್ನಿಯವರು ಇದನ್ನು ಮೇ ತಿಂಗಳಿಗೆ ಎತ್ತಿಟ್ಟುಕೊಳ್ಳಿ.

ಇಷ್ಟೆಲ್ಲ ಮುಗಿದ ಮೇಲೆ ನಾವು ಮಾಡುವ ಒಂದು ಕೆಲಸ ಇದೆ. ಗಡಿಯಾರ ತಿರುಗಿಸುವ ಭಾನುವಾರ ಬೆಳಗ್ಗೆ ದೋಸೆ ತಿಂದು, ಮನೆಯವರೆಲ್ಲ ಸೇರಿ ಬೇಸ್‌ಮೆಂಟಿನಿಂದ ಮಹಡಿವರೆಗೆ ಒಂದು ಸುತ್ತು ಹಾಕುತ್ತೇವೆ, ಪೂರ್ತಿ ಕನ್ನಡದಲ್ಲಿ. ದೊಡ್ಡವಳು ಅಲಾರಂನ ಗುಂಡಿ ಒತ್ತುತ್ತಾಳೆ, ಅದು ಕೂಗುತ್ತದೆ, ಅಜ್ಜಿ ಇದ್ದರೆ ಎದುರು ನಿಂತು, ಇಲ್ಲದಿದ್ದರೆ ವಿಡಿಯೋ ಕರೆಯಲ್ಲಿ, ಎಣಿಸುತ್ತಾಳೆ. ಮನೆ ಬಿಟ್ಟು ಹೊರಗೆ ಬಂದರೆ ಎಲ್ಲಿ ಸೇರಬೇಕು ಎಂಬುದೂ ತೀರ್ಮಾನವಾಗಿದೆ, ಎದುರಿನ ಮೇಪಲ್ ಮರದ ಕೆಳಗೆ. ಹಿರಿಯರ ಊರಿನ ಫೋನಿಗೆ ಇಲ್ಲಿಯ ಸಿಮ್ ಹಾಕಿಸಿಕೊಡಿ. ಅಮೆರಿಕದಲ್ಲಿ ಸಿಮ್ ಇಲ್ಲದ ಮೊಬೈಲಿನಿಂದಲೂ 911ಕ್ಕೆ ಕರೆ ಹೋಗಬೇಕೆಂಬ ನಿಯಮವಿದೆ, ಆದರೆ ಕರೆ ಕಡಿದರೆ ಅವರು ವಾಪಸ್ಸು ಮಾಡಲಾಗದು. ಹಾಗಾಗಿ ಬಾಯಿಪಾಠವಾಗಬೇಕಾದ ಮೊದಲ ಮಾತು ಮನೆಯ ವಿಳಾಸ. ಆಮೇಲೆ "ಕನ್ನಡ" ಅಂದರೆ ಹಲವೆಡೆ ಫೋನಿನಲ್ಲೇ ದುಭಾಷಿಯನ್ನು ಹುಡುಕಿಕೊಡುತ್ತಾರೆ, ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಬಹುದು.

ನಮ್ಮ ಫ್ರಿಜ್ಜಿನ ಮೇಲಿರುವ ಚೀಟಿಯನ್ನು ಹಾಗೆಯೇ ಕೊಡುತ್ತಿದ್ದೇನೆ, ನಿಮ್ಮ ಮನೆಯ ವಿಳಾಸ ಸೇರಿಸಿ ಬರೆದುಕೊಳ್ಳಿ:

ಡಬ್ಬಿ ಮೂರು ಮೂರು ಸಲ ಕೂಗಿದರೆ ಹೊಗೆ, ಬೆಂಕಿ.
ನಾಲ್ಕು ನಾಲ್ಕು ಸಲ ಕೂಗಿದರೆ ಕೆಂಡದ ವಿಷಗಾಳಿ. ಕಣ್ಣಿಗೆ ಕಾಣಲ್ಲ, ಮೂಗಿಗೆ ತಿಳಿಯಲ್ಲ.
ಆಗೊಮ್ಮೆ ಈಗೊಮ್ಮೆ ಒಂದೇ ಸಲ ಚಿಂವ್ ಅಂದರೆ ಬ್ಯಾಟರಿ ಮುಗೀತಿದೆ. ಸಂಜೆ ನಮಗೆ ಹೇಳು.
ಮೂರಾದರೂ ನಾಲ್ಕಾದರೂ ಮಕ್ಕಳನ್ನ ಎತ್ಕೊಂಡು, ಕಂಬಳಿ ಹೊದ್ದುಕೊಂಡು, ಮರದ ಹತ್ತಿರ. ಅಲ್ಲಿಂದ ಫೋನು.
ಕೊಳೆತ ಮೊಟ್ಟೆ ವಾಸನೆ ಬಂದರೆ ಗ್ಯಾಸು. ಸ್ವಿಚ್ ಮುಟ್ಟಬೇಡ, ಹೊರಗೆ ಹೋಗು.
ಯಾರು ಕರೆದರೂ, ಏನು ಮರೆತಿದ್ದರೂ ವಾಪಸ್ಸು ಒಳಗೆ ಹೋಗಬೇಡ.

ಅಕ್ಷರ ನನ್ನದು. "ವಿಷಗಾಳಿ" ಎಂಬ ಮಾತು ಅಮ್ಮನದು. ಕಾರ್ಬನ್ ಮಾನಾಕ್ಸೈಡಿಗೆ ಪಠ್ಯಪುಸ್ತಕದ ಹೆಸರು ಬೇರೆ ಇದೆ, ಆದರೆ ಏಳು ವರ್ಷದವಳಿಗೂ ಎಪ್ಪತ್ತರ ಅಜ್ಜಿಗೂ ಒಟ್ಟಿಗೆ ಅರ್ಥವಾಗುವುದು ಇದೇ. ಚೀಟಿಯ ಕೆಳಗೆ ಬೇರೆ ಪೆನ್ನಿನಲ್ಲಿ, ತುಸು ಓರೆಯಾಗಿ, ಅಮ್ಮ ತನಗೆಂದು ಒಂದು ಸಾಲು ಸೇರಿಸಿಕೊಂಡಿದ್ದಾಳೆ: "ಕನ್ನಡಕ ಮರೀಬೇಡ. ಅದಿಲ್ಲದೆ ಫೋನು ಕಾಣಲ್ಲ." ಈ ತಿಂಗಳ ಕೊನೆಗೆ ಮತ್ತೆ ಬರುತ್ತಿದ್ದಾಳೆ. ಸಾಂಬ್ರಾಣಿ ತರುತ್ತಾಳಂತೆ, ಹೊರಗಿನ ವರಾಂಡದಲ್ಲಿ ಹಾಕುವುದಕ್ಕೆ.